ಬಾಡಿಗೆ ಮನೆ, ಎಂಟು ಸಾವಿರ ರೂಪಾಯಿ: ಮನೇಲೇ ಜಿಮ್ ಮಾಡ್ಕೊಳ್ಳೋದು ಹೇಗೆ?

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮೊದಲನೇ ಮಹಡಿಯಲ್ಲಿ ಬಾಡಿಗೆಗಿದೀನಿ, ಕೆಳಗೆ ಓನರ್, ವಯಸ್ಸಾದ ದಂಪತಿ. ಸಿಗೋ ರೂಮು 10 ಅಡಿ ಉದ್ದ, 8 ಅಡಿ ಅಗಲ, ಅದರಲ್ಲೂ ಒಂದು ಮೂಲೆ ಬೀರುಗೆ ಹೋಗಿದೆ. ಶಿಫ್ಟ್ ಕೆಲಸ ನಂದು. ಜಿಮ್ ಬಾಗಿಲು ತೆಗೆಯೋ ಹೊತ್ತಿಗೆ ನಾನು ನಿದ್ದೆಯಲ್ಲಿರ್ತೀನಿ, ನಾನು ಎದ್ದಾಗ ಅವರು ಬಾಗಿಲು ಹಾಕಿರ್ತಾರೆ. ಎರಡು ಸಲ ವರ್ಷದ ಫೀಸು ಕಟ್ಟಿ ಬಿಟ್ಟಾಯ್ತು.

ಕೈಯಲ್ಲಿರೋದು 8,000. ಅದರ ಮೇಲೆ ಒಂದು ರೂಪಾಯಿನೂ ಇಲ್ಲ. ಆನ್‌ಲೈನಲ್ಲಿ 50 ಕೆಜಿ ಕಾಂಬೊ ಸೆಟ್ ನೋಡಿದೆ. ಬೆಂಚು, ರಾಡು, ಪ್ಲೇಟು, ಗ್ಲೌಸು, ಸ್ಕಿಪ್ಪಿಂಗ್ ಹಗ್ಗ, ಶೇಕರ್ ಎಲ್ಲಾ ಸೇರಿ ಹೆಚ್ಚೂಕಮ್ಮಿ ಅಷ್ಟೇ ದುಡ್ಡು. ತಗೊಂಡ್ಬಿಡ್ಲಾ?

ಕಬ್ಬಿಣದ_ಕಡಲೆ

ತಗೋಬೇಡಿ ಅಣ್ಣಾ. ಸ್ವಲ್ಪ ತಾಳಿ.

ಆ ಕಾಂಬೊಗಳಲ್ಲಿ ಬರೋ ಪ್ಲೇಟು ಸಾಮಾನ್ಯವಾಗಿ ಪಿವಿಸಿ. ಮೇಲೆ ಪ್ಲಾಸ್ಟಿಕ್ ಚಿಪ್ಪು, ಒಳಗೆ ಸಿಮೆಂಟು ಮರಳು. 10 ಕೆಜಿ ಅಂದ್ರೆ 10 ಕೆಜಿನೇ, ತೂಕದಲ್ಲಿ ಮೋಸ ಅಂತಲ್ಲ. ಆದ್ರೆ ಕಬ್ಬಿಣದ ಸಾಂದ್ರತೆ ಸಿಮೆಂಟಿನ ಮೂರರಷ್ಟು. ಅಂದ್ರೆ ಅದೇ ತೂಕದ, ಅದೇ ಅಗಲದ ಪಿವಿಸಿ ಪ್ಲೇಟು ಕಬ್ಬಿಣದ್ದಕ್ಕಿಂತ ಮೂರು ಪಟ್ಟು ದಪ್ಪ ಇರುತ್ತೆ. ಡಂಬೆಲ್ ರಾಡಿಗೆ ಎರಡು ಹಾಕೋಷ್ಟರಲ್ಲಿ ಜಾಗ ಮುಗೀತು. ನಾಲ್ಕು ತಿಂಗಳಿಗೆ ನಿಮ್ಮ ಶಕ್ತಿ ಬೆಳೆದಿರುತ್ತೆ, ರಾಡು ಬೆಳೆಯಲ್ಲ. ಕೈತಪ್ಪಿ ಬಿದ್ರೆ ಚಿಪ್ಪು ಸೀಳಿ ರೂಮಿನ ತುಂಬಾ ಸಿಮೆಂಟ್ ಪುಡಿ.

ಬೆಂಚಿನ ವಿಷಯ ಇನ್ನೂ ಕೆಟ್ಟದ್ದು. ತೆಳ್ಳಗಿನ ಪೈಪು, ಒಂದೇ ಬೋಲ್ಟಿನ ಮೇಲೆ ನಿಂತಿರೋ ಬೆನ್ನೊರಗು. ಅದರ ಮೇಲೆ ಮಲಗಿ ಒಬ್ಬರೇ ಎದೆ ಮೇಲೆ ರಾಡ್ ಇಳಿಸ್ಕೊಳ್ತೀರಿ. ಯಾರ ಭರವಸೆ ಮೇಲೆ?

ನನ್ನ ಲೆಕ್ಕ ಒಂದೇ. ತೂಕ ಎಲ್ಲಿ ಬೇಕಾದ್ರೂ ಅಗ್ಗಕ್ಕೆ ಸಿಗುತ್ತೆ, ನೀರು, ಮರಳು, ಗುಜರಿ, ಉಪ್ಪಿನ ಪ್ಯಾಕೆಟ್ಟು ಯಾವುದಾದ್ರೂ ಸರಿ. ಆ ತೂಕವನ್ನೋ ನಿಮ್ಮ ಮೈಯನ್ನೋ ಹಿಡಿದು ನಿಲ್ಲೋ ವಸ್ತುವಿದೆಯಲ್ಲ, ಕೊಂಡಿ, ಬಾರು, ರಾಡು, ನಟ್ಟು, ಅಲ್ಲಿ ಜಿಪುಣತನ ಮಾಡಬೇಡಿ. 8,000ದಲ್ಲಿ ಮೊದಲ ಪಾಲು ಅದಕ್ಕೆ.

ಧಾರವಾಡ_ಪೇಡೆ

ಖರೇ ಅದ ನೋಡ್ರಿ. ನಮ್ಮ ಕಡೆ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತೋ ಹುಡುಗರು ಯಾವ ಕಾಂಬೊ ತಗೊಂಡಾರ? ಒಂದು ದುಂಡನ ಕಲ್ಲು, ಒಂದು ಜ್ವಾಳದ ಚೀಲ. ಅಷ್ಟ.

ಕಬ್ಬಿಣದ_ಕಡಲೆ

ಪೇಡೆ ಸರ್, ಆ ಹುಡುಗರು ಎತ್ತೋದು ಬಯಲಲ್ಲಿ, ಸುಸ್ತಾದ್ರೆ ಮಣ್ಣಿನ ಮೇಲೆ ಎತ್ತಿ ಹಾಕ್ತಾರೆ. ಇವರ ಕೆಳಗೆ ಓನರ್ ಮಲಗಿದ್ದಾರೆ. :)

ಬೆಣ್ಣೆದೋಸೆ_ದಾವಣಗೆರೆ

ಅದೇ ನನ್ನ ಭಯ. ಸದ್ದು ಒಂದು ಕಡೆ ಇರಲಿ, ಸುಮ್ನೆ ಕೇಳ್ತೀನಿ ನಗಬೇಡಿ, 60-70 ಕೆಜಿ ಕಬ್ಬಿಣ ತಂದಿಟ್ರೆ ಸ್ಲ್ಯಾಬಿಗೆ ಏನೂ ಆಗಲ್ವಾ?

ಸಿವಿಲ್_ಸಾಹೇಬ್ರು

ನಗೋ ಪ್ರಶ್ನೆ ಏನಲ್ಲ. ವಾಸದ ಮನೆಯ ನೆಲಕ್ಕೆ ನಮ್ಮ ಭಾರತೀಯ ಮಾನಕ, ಐಎಸ್ 875ರ ಎರಡನೇ ಭಾಗ, ಹೇಳೋ ಬಳಕೆ ಭಾರ ಚದರ ಮೀಟರಿಗೆ 2 ಕಿಲೋ ನ್ಯೂಟನ್. ಸರಳವಾಗಿ, ಚದರ ಮೀಟರಿಗೆ ಸುಮಾರು 200 ಕೆಜಿ. ನಿಮ್ಮ ರೂಮು ಏಳು ಚದರ ಮೀಟರಿಗೂ ಮೇಲಿದೆ. ವಿನ್ಯಾಸದ ಪ್ರಕಾರ ಕಟ್ಟಿದ ಆರ್‌ಸಿಸಿ ಆದ್ರೆ 70 ಕೆಜಿ ಕಬ್ಬಿಣ ಪ್ಲಸ್ ನೀವು ಅಂದ್ರೆ ನಾಲ್ಕು ಜನ ನೆಂಟರು ಬಂದು ಚಾಪೆ ಮೇಲೆ ಕೂತಷ್ಟೂ ಆಗಲ್ಲ.

ತೊಂದರೆ ಇರೋದು ಇಟ್ಟ ತೂಕದಲ್ಲಲ್ಲ, ಎತ್ತಿ ಹಾಕಿದ ತೂಕದಲ್ಲಿ. ಮೊದಲು ಟೈಲ್ಸ್ ಬಿರುಕು ಬಿಡುತ್ತೆ, ಅಡ್ವಾನ್ಸಲ್ಲಿ ಕತ್ತರಿ ಬೀಳುತ್ತೆ. ಹೊರಗೆ ಚಾಚಿಕೊಂಡಿರೋ ಬಾಲ್ಕನಿಯಲ್ಲಿ ಮಾತ್ರ ಈ ಆಟ ಬೇಡ. ಹಳೇ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು), ಕಲ್ಲು ಚಪ್ಪಡಿ ಹಾಸಿದ ಮಾಳಿಗೆ ಇದ್ರೆ ಈ ಲೆಕ್ಕ ನಡೆಯಲ್ಲ, ಯಾರಾದ್ರೂ ಬಲ್ಲವರನ್ನ ಕರೆಸಿ ತೋರಿಸಿ.

ರೂಮಿನ ಮಧ್ಯಕ್ಕಿಂತ ಗೋಡೆ ಪಕ್ಕ, ಕೆಳಗೆ ತೊಲೆ ಹಾದು ಹೋಗಿರೋ ಕಡೆ ಪ್ಲೇಟು ಜೋಡಿಸಿ.

ಹಾಸನದ_ಹಾಲು

ಮ್ಯಾಟ್ ಬಗ್ಗೆ ನಾನು ಹೇಳ್ತೀನಿ, ಇದು ನಮ್ಮ ಏರಿಯಾ. ಜಿಮ್ ಮ್ಯಾಟ್ ಅಂತ ಹುಡುಕಿದ್ರೆ ಒಂದೊಂದು ಅಡಿ ಚೌಕಕ್ಕೂ ದುಡ್ಡು ಕೇಳ್ತಾರೆ. ಡೇರಿ ಸಾಮಾನು ಮಾರೋ ಅಂಗಡಿಗೆ ಹೋಗಿ ‘ಹಸುವಿನ ಮ್ಯಾಟ್’ ಕೇಳಿ. ಕೊಟ್ಟಿಗೆಗೆ ಹಾಸೋ ರಬ್ಬರ್. ಸಾಮಾನ್ಯವಾಗಿ ಆರೂವರೆ ಅಡಿ ಉದ್ದ, 4 ಅಡಿ ಅಗಲ, 15ರಿಂದ 17 ಮಿಲಿಮೀಟರ್ ದಪ್ಪ. 400-500 ಕೆಜಿ ಹಸು ದಿನಾ ಎದ್ದು ಕೂತು ಮಾಡಿದ್ರೂ ತಡೆಯುತ್ತೆ, ನಿಮ್ಮ ಡಂಬೆಲ್ ಯಾವ ಲೆಕ್ಕ. ನಮ್ಮಲ್ಲಿ ಎರಡು ಸಾವಿರದ ಆಸುಪಾಸು.

ಎರಡು ಮಾತು. ಹೊಸತರಲ್ಲಿ ರಬ್ಬರ್ ವಾಸನೆ ಜೋರು, ಸೋಪು ನೀರಲ್ಲಿ ಉಜ್ಜಿ ನಾಲ್ಕೈದು ದಿನ ತಾರಸಿ ಮೇಲೆ ನೆರಳಲ್ಲಿ ಹಾಕಿ. ಮತ್ತೆ ಮೆಟ್ಟಿಲು ಹತ್ತಿಸೋಕೆ ಇನ್ನೊಬ್ಬರನ್ನ ಕರ್ಕೊಳ್ಳಿ, ಒಬ್ಬರ ಕೈಲಿ ಆಗಲ್ಲ.

ತುಮಕೂರಮ್ಮ

ಹಸುವಿನ ಮ್ಯಾಟ್! ನಮ್ಮನೆಯವರಿಗೆ ಹೇಳಿದ್ರೆ ಹಾಲು ಎಷ್ಟು ಲೀಟರ್ ಕೊಡ್ತೀಯಾ ಅಂತಾರೆ.

ನಾನೂ ಸೇರ್ಕೊಳ್ತೀನಿ. ವಯಸ್ಸು 46, ಜಿಮ್ಮಿಗೆ ಹೋಗೋ ಹೊತ್ತೂ ಇಲ್ಲ, ಅಲ್ಲಿ ಹುಡುಗರ ಮಧ್ಯೆ ನಿಲ್ಲೋ ಮನಸ್ಸೂ ಇಲ್ಲ. ಮಗಳ ಹಳೇ ಸ್ಕೂಲ್ ಬ್ಯಾಗಿಗೆ ಉಪ್ಪಿನ ಪ್ಯಾಕೆಟ್ ತುಂಬ್ಕೊಂಡು ಕೂತು ಏಳೋದು ಮಾಡ್ತೀನಿ. ಒಂದೊಂದು ಪ್ಯಾಕೆಟ್ ಸರಿಯಾಗಿ 1 ಕೆಜಿ. ಐದು ಹಾಕಿ ಶುರು ಮಾಡಿದ್ದು, ಈಗ ಹನ್ನೊಂದಕ್ಕೆ ಬಂದಿದೆ. ಬೇಜಾರಾದ್ರೆ ಉಪ್ಪು ಅಡುಗೆಗಾಯ್ತು. ಆದ್ರೆ ಪೂರ್ತಿ ಕೆಳಗೆ ಕೂತ್ರೆ ಮಂಡಿ ಕಟಕಟ ಅನ್ನುತ್ತೆ, ಮುಂದುವರಿಸಬಹುದಾ?

ಕಬ್ಬಿಣದ_ಕಡಲೆ

ಅಕ್ಕ, ಈ ಚರ್ಚೆಯಲ್ಲಿ ಇಲ್ಲಿವರೆಗೆ ಬಂದ ಅತ್ಯುತ್ತಮ ಉಪಕರಣ ನಿಮ್ಮ ಉಪ್ಪಿನ ಬ್ಯಾಗು. ಡಂಬೆಲ್‌ನಲ್ಲಿ ಎರಡೂ ಕಡೆ 1.25 ಕೆಜಿ ಪ್ಲೇಟ್ ಸೇರಿಸಿದ್ರೆ ಒಂದೇ ಸಲ ಎರಡೂವರೆ ಕೆಜಿ ಜಿಗಿಯುತ್ತೆ, ಭುಜಕ್ಕೆ ಅದು ದೊಡ್ಡ ಜಿಗಿತ. ನಿಮ್ಮದು ಒಂದೊಂದೇ ಕೆಜಿ.

ಫಿಸಿಯೋ_ಮಾತು

ತುಮಕೂರಮ್ಮ ಅವರೇ, ಸದ್ದು ಮಾತ್ರ ಬಂದು ನೋವು, ಊತ ಇಲ್ಲದಿದ್ರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಹಿಂದೆ ಒಂದು ಗಟ್ಟಿ ಕುರ್ಚಿ ಇಟ್ಕೊಂಡು ಅದರ ಅಂಚು ಮುಟ್ಟೋವರೆಗೆ ಮಾತ್ರ ಇಳಿಯಿರಿ, ಎದ್ದೇಳುವಾಗ ಹಿಮ್ಮಡಿ ನೆಲದಲ್ಲೇ ಇರಲಿ. ನೋವು ಇದ್ರೆ, ಮಂಡಿ ಸಿಕ್ಕಿಕೊಂಡ ಹಾಗೆ ಆದ್ರೆ, ಇಲ್ಲಿ ಕೇಳೋದು ಬಿಟ್ಟು ನೇರ ತೋರಿಸಿಕೊಳ್ಳಿ. ಬಿಪಿ ಇರೋರು ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬಾರದು.

ಇನ್ನೊಂದು, ದಿನಾ ಮಾಡಲೇಬೇಕು ಅಂತ ಹಠ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ದೊಡ್ಡವರಿಗೆ ಸ್ನಾಯು ಬಲದ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಲಿ ಅಂತಿದೆ. ನಡಿಗೆ ಅದರ ಜೊತೆಗೆ, ಅದರ ಬದಲಿಗಲ್ಲ.

ವೆಲ್ಡಿಂಗ್_ಶೆಡ್

ಪುಲ್ ಅಪ್ ಬಾರ್, ಅಂದ್ರೆ ಜೋತುಬಿದ್ದು ಮೈ ಮೇಲಕ್ಕೆಳ್ಕೊಳ್ಳೋ ಕಂಬಿ ಬಗ್ಗೆ ಯಾರೂ ಮಾತಾಡಿಲ್ಲ, ನಮ್ಮ ಶೆಡ್ಡಿಗೆ ಇದನ್ನ ಕೇಳ್ಕೊಂಡು ತುಂಬಾ ಹುಡುಗರು ಬರ್ತಾರೆ.

ಮೊದಲನೇದು, ಬಾಗಿಲಿಗೆ ಸಿಕ್ಕಿಸೋ ಬಾರ್ ತಗೋಬೇಡಿ. ಅದು ಚೌಕಟ್ಟಿನ ಮೇಲೆ ಗೋಡೆಯಿಂದ ಹೊರಗೆ ಚಾಚಿದ ಪಟ್ಟಿ ಇರೋ ಬಾಗಿಲಿಗೆ ಮಾಡಿದ್ದು. ನಮ್ಮ ಮನೆಗಳಲ್ಲಿ ಚೌಕಟ್ಟು ಗೋಡೆಗೆ ಸಮ ಇರುತ್ತೆ, ಕೊಕ್ಕೆ ಕೂರೋಕೆ ಜಾಗವೇ ಇಲ್ಲ. ತಿರುಗಿಸಿ ಬಿಗಿ ಮಾಡೋ ಇನ್ನೊಂದು ನಮೂನೆ ಇದೆ, ಅದು ನಿಂತಿರೋದು ಬರೀ ಘರ್ಷಣೆ ಮೇಲೆ. ಬೆವರಿನ ಕೈ, ಪಾಲಿಶ್ ಮಾಡಿದ ಮರ, ಯೋಚನೆ ಮಾಡಿ.

ಎರಡನೇದು ಪೈಪು. ಒಂದು ಇಂಚಿನ ಪೈಪು ಕೇಳಿ, ಅದರ ಹೊರ ವ್ಯಾಸ ಸುಮಾರು 34 ಮಿಲಿಮೀಟರ್, ಕೈ ಹಿಡಿತಕ್ಕೆ ಸರಿ. ಒಂದೂಕಾಲು ಇಂಚು ಅಂದ್ರೆ 42 ಆಗುತ್ತೆ, ದಪ್ಪ ಆಯ್ತು. ಪೈಪಿನ ಮೇಲಿನ ಬಣ್ಣದ ಪಟ್ಟಿ ನೋಡಿ. ಹಳದಿ ಅಂದ್ರೆ ಎ ಕ್ಲಾಸ್, ತೆಳು. ನೀಲಿ ಬಿ ಕ್ಲಾಸ್, 3.2 ಮಿಲಿಮೀಟರ್ ದಪ್ಪ. ಕೆಂಪು ಸಿ ಕ್ಲಾಸ್, 4 ಮಿಲಿಮೀಟರ್. ನೀಲಿ ಸಾಕು. ಬಣ್ಣ ಬಳಿದು ಮುಚ್ಚಿರೋ ಪೈಪು ತಂದ್ರೆ ನಾನಂತೂ ಮೊದಲು ಅಂಚಿನ ದಪ್ಪ ಅಳೀತೀನಿ.

ವೆಲ್ಡ್ ಮಾಡಿಸೋದಾದ್ರೆ ಜಿಐ (ಸತು ಲೇಪಿಸಿದ ಪೈಪು) ಬೇಡ, ಲೇಪನ ಇಲ್ಲದ ಸಾದಾ ಎಂಎಸ್ ಪೈಪ್ ತನ್ನಿ. ಜಿಐ ಮೇಲಿನ ಸತು ಉರಿದು ಬರೋ ಬಿಳಿ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬಂದ ಹಾಗಾಗುತ್ತೆ. ನಮ್ಮಂಥೋರಿಗೆ ಗೊತ್ತಿರೋ ಕಾಯಿಲೆ ಅದು.

ಬೆಣ್ಣೆದೋಸೆ_ದಾವಣಗೆರೆ

ಗೋಡೆಗೆ ತೂತು ಹೊಡೆಯೋಕೆ ಓನರ್ ಖಂಡಿತ ಬಿಡಲ್ಲ ಅಣ್ಣಾ. ಆದ್ರೆ ಹಾಲ್‌ನಲ್ಲಿ ಉಯ್ಯಾಲೆ ಹಾಕೋಕೆ ಸೂರಿನಲ್ಲಿ ಎರಡು ಕಬ್ಬಿಣದ ಕೊಂಡಿ ಇವೆ. ಮೊದಲು ಅವರೇ ಇಲ್ಲಿದ್ದಾಗ ತೂಗುಮಣೆ ಇತ್ತಂತೆ. ಅದಕ್ಕೇನಾದ್ರೂ ಕಟ್ಟಬಹುದಾ?

ಕಬ್ಬಿಣದ_ಕಡಲೆ

ಮೊದಲೇ ಹೇಳೋದಲ್ವಾ! ಅರ್ಧ ಜಿಮ್ ಸೂರಿನಲ್ಲೇ ನೇತಾಡ್ತಾ ಇದೆ.

ಒಂದು ಜೊತೆ ಜಿಮ್ನಾಸ್ಟಿಕ್ ರಿಂಗ್ ತಗೊಳ್ಳಿ, ಮರದ್ದು, ಬಕಲ್ ಇರೋ ಉದ್ದ ಪಟ್ಟಿ ಜೊತೆಗೆ ಬರುತ್ತೆ. ಮೇಲಕ್ಕೆ ಕಟ್ಟಿದ್ರೆ ಪುಲ್ ಅಪ್. ಸೊಂಟದ ಎತ್ತರಕ್ಕೆ ಇಳಿಸಿ ಕೆಳಗೆ ಒರಗಿ ಮೈ ಎಳ್ಕೊಂಡ್ರೆ ಬೆನ್ನಿಗೆ ರೋ. ಇನ್ನೂ ಕೆಳಗಿಳಿಸಿದ್ರೆ ದಂಡ, ಅಂದ್ರೆ ಪುಷ್ ಅಪ್. ಕಾಲನ್ನ ಮುಂದೆ ಹಿಂದೆ ಸರಿಸಿದ್ರೆ ಸಾಕು, ಭಾರ ಹೆಚ್ಚು ಕಡಿಮೆ ಆಗುತ್ತೆ. ಪುಲ್ ಅಪ್ ಒಂದೂ ಬರದವರು ರೋ ಇಂದಲೇ ಶುರು ಮಾಡಬೇಕು. ಕೆಲಸ ಮುಗಿದ ಮೇಲೆ ಬಿಚ್ಚಿ ಬೀರುಗೆ ಹಾಕಿ.

ಸಿವಿಲ್_ಸಾಹೇಬ್ರು

ಒಂದು ನಿಮಿಷ. ಉಯ್ಯಾಲೆ ಕೊಂಡಿ ಮತ್ತು ಫ್ಯಾನ್ ಕೊಂಡಿ ಬೇರೆ ಬೇರೆ. ಉಯ್ಯಾಲೆದು ಸ್ಲ್ಯಾಬ್ ಹಾಕುವಾಗಲೇ ಒಳಗಿನ ಸರಳಿಗೆ ಅಥವಾ ತೊಲೆಯ ಸರಳಿಗೆ ಸುತ್ತಿ ಬಿಟ್ಟಿರ್ತಾರೆ, ಜನ ಕೂತು ತೂಗಲಿ ಅಂತಲೇ. ಫ್ಯಾನ್ ಕೊಂಡಿಗೆ ಯಾವ ಕಾರಣಕ್ಕೂ ನೇತಾಡಬೇಡಿ.

ಓನರನ್ನ ಕೇಳಿ, ಕೊಂಡಿ ಕಟ್ಟುವಾಗಲೇ ಹಾಕಿದ್ದಾ, ಆಮೇಲೆ ತೂತು ಹೊಡೆದು ಸಿಕ್ಕಿಸಿದ್ದಾ ಅಂತ. ಬುಡದಲ್ಲಿ ತುಕ್ಕಿನ ಕಂದು ಕಲೆ, ಸುತ್ತ ಕೂದಲೆಳೆ ಬಿರುಕು, ಗಾರೆ ಉಬ್ಬಿರೋದು ಕಂಡ್ರೆ ಕೈ ಬಿಡಿ. ಇಲ್ಲದಿದ್ರೆ ಮೊದಲು ಕಾಲು ನೆಲದಲ್ಲಿಟ್ಟೇ ಸ್ವಲ್ಪ ಸ್ವಲ್ಪ ಭಾರ ಬಿಡ್ತಾ ನೋಡಿ. ಜೋಲಿ ಹೊಡೆಯೋದು, ಜಿಗಿದು ಹಿಡಿಯೋದು ಬೇಡ.

ಮಲೆನಾಡ_ಮಳೆ

ನಮ್ಮದು ಹೆಂಚಿನ ಮನೆ. ತೊಲೆಗೆ ಹಗ್ಗ ಕಟ್ಟಬಹುದಾ?

ವೆಲ್ಡಿಂಗ್_ಶೆಡ್

ದೊಡ್ಡ ತೊಲೆ ಆದ್ರೆ ಆಗುತ್ತೆ, ಜಂತೆಗೆ, ರೀಪಿಗೆ ಬೇಡ. ಮೊದಲು ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ್ರೆ ಒಳಗೆ ಗೆದ್ದಲು.

ಗರಡಿ_ಮಟ್ಟಿ

ಮೈಸೂರಿಂದ. ನೀವೆಲ್ಲ ರಾಡು ಪೈಪು ಅಂತ ಹೊಡೆದಾಡ್ತಿರೋದು ನೋಡಿ ಬರೀತಿದೀನಿ. ನಮ್ಮ ತಾತ ಗರಡಿಗೆ ಹೋಗ್ತಿದ್ರು. ದಂಡೆ, ಬಸ್ಕಿ, ಕರೇಲ (ಕೈಯಲ್ಲಿ ತಿರುಗಿಸೋ ಮರದ ದೊಣ್ಣೆ), ಗದೆ, ಇಷ್ಟರಲ್ಲೇ ಅವರ ತಾಲೀಮು. ಮನೇಲಿ ಗದೆ ಮಾಡ್ಕೊಳ್ಳೋದು ಕಷ್ಟ ಅಲ್ಲ. ಮಕ್ಕಳ ಪ್ಲಾಸ್ಟಿಕ್ ಚೆಂಡು ಕೊಯ್ದು ಒಳಗೆ ಕಾಂಕ್ರೀಟ್ ತುಂಬಿ ಗಟ್ಟಿ ಬಿದಿರು ನೆಡಬೇಕು. ಬಿದಿರಿನ ತುದಿಗೆ ಅಡ್ಡಡ್ಡ ಎರಡು ಮೊಳೆ ಹೊಡೆದ್ರೆ ಗುಂಡು ಕಳಚಲ್ಲ.

ಚೆಂಡಿನ ಅಳತೆಯಲ್ಲಿ ಎಚ್ಚರ. 15 ಸೆಂಟಿಮೀಟರ್ ಅಡ್ಡಳತೆಯ ಚೆಂಡು ಅಂದ್ರೆ 4 ಕೆಜಿ ಚಿಲ್ಲರೆ, ಕಲಿಯೋರಿಗೆ ಅದೇ ಜಾಸ್ತಿ. ಫುಟ್‌ಬಾಲ್ ಅಚ್ಚಲ್ಲಿ ಹಾಕಿದ್ರೆ 13 ಕೆಜಿ ದಾಟುತ್ತೆ, ತಲೆ ಹಿಂದೆ ತಿರುಗಿಸುವಾಗ ಭುಜ ಕಳ್ಕೊಳ್ತೀರಿ.

ಅಂದಹಾಗೆ ಮನೇಲೇ ವ್ಯಾಯಾಮ ಅನ್ನೋದು ಯೂಟ್ಯೂಬ್ ತಂದಿದ್ದಲ್ಲ. ಕಾದಂಬರಿಕಾರ ಅಂತ ನಮಗೆ ಗೊತ್ತಿರೋ ಕೆ.ವಿ. ಅಯ್ಯರ್ ಬೆಂಗಳೂರಲ್ಲಿ ವ್ಯಾಯಾಮಶಾಲೆ ನಡೆಸ್ತಿದ್ರು, ದೂರದೂರಿನವರಿಗೆ ಅಂಚೆಯಲ್ಲಿ ದೇಹದಾರ್ಢ್ಯದ ಪಾಠ ಕಳಿಸ್ತಿದ್ರು. ಸೂರ್ಯ ನಮಸ್ಕಾರವನ್ನ ಬೆಳೆಸಿದವರಲ್ಲಿ ಅವರೂ ಒಬ್ಬರು.

ಸಿವಿಲ್_ಸಾಹೇಬ್ರು

ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ಎರಡು ಪಾಲು ಎಂ-ಸ್ಯಾಂಡು, ಮೂರು ಪಾಲು ಸಣ್ಣ ಜಲ್ಲಿ. ನೀರು ಕಡಿಮೆ. ಮರುದಿನದಿಂದ ವಾರ ಪೂರ್ತಿ ನೀರು ಉಣಿಸಿ, ಆಮೇಲೆ ಎತ್ತಿ. ತೂಕದ ಅಂದಾಜು ಬೇಕಿದ್ರೆ ಲೀಟರಿಗೆ 2.4 ಕೆಜಿ. 5 ಲೀಟರ್ ಪೇಂಟ್ ಡಬ್ಬಿ ತುಂಬಿದ್ರೆ 12 ಕೆಜಿ ಆಯ್ತು. ಆದ್ರೆ ಡಬ್ಬಿಯ ತಂತಿ ಹಿಡಿಕೆ ನಂಬಬೇಡಿ, ಅದು 6-7 ಕೆಜಿ ಪೇಂಟಿಗೆ ಮಾಡಿದ್ದು.

ಹೊಸಬ_ಹೊಸಪೇಟೆ

ನಾನು ಗ್ಯಾಸ್ ಸಿಲಿಂಡರ್ ಎತ್ತುತ್ತೀನಿ, ತುಂಬಿದ್ದು 30 ಕೆಜಿ, ಹಿಡಿಕೆನೂ ಇದೆ 😎

ವೆಲ್ಡಿಂಗ್_ಶೆಡ್

ತಮ್ಮಾ, ದಯವಿಟ್ಟು ಬೇಡ. ವಾಲ್ವಿಗೆ ಏಟು ಬಿದ್ರೆ ನಿನ್ನ ಜೊತೆ ಪಕ್ಕದ ಮನೆಯವರೂ ಹೋಗ್ತಾರೆ. ನಗೋ ವಿಷಯ ಅಲ್ಲ ಇದು.

ಧಾರವಾಡ_ಪೇಡೆ

ನನ್ನ ಪ್ರಶ್ನಿ ಬ್ಯಾರೆ. ದಂಡಾ ಬಸ್ಕಿ ರಿಂಗ್ ಇಷ್ಟ್ ಇದ್ದ ಮ್ಯಾಲ ಕಬ್ಬಿಣ ಯಾಕ ಬೇಕ್ರಿ? ಮೈ ತೂಕನ ಸಾಕಲ್ಲ. ರೊಕ್ಕಾ ಉಳಸ್ರಿ.

ಕಬ್ಬಿಣದ_ಕಡಲೆ

ಮೈಯ ಮೇಲ್ಭಾಗಕ್ಕೆ ಬಹಳ ಕಾಲ ಸಾಕು, ಒಪ್ತೀನಿ. ಕಾಲಿಗೆ, ಸೊಂಟಕ್ಕೆ ಸಾಲಲ್ಲ. ಬಸ್ಕಿ ನೂರು ಹೊಡೆಯೋಕೆ ಬಂದ ಮೇಲೆ ನೂರೈವತ್ತು ಹೊಡೆದ್ರೆ ದಮ್ಮು ಬೆಳೆಯುತ್ತೆ, ಬಲ ಅಷ್ಟಾಗಿ ಬೆಳೆಯಲ್ಲ. ನೆಲದಿಂದ ಭಾರ ಎತ್ತೋ ಚಲನೆ ಮೈತೂಕದಲ್ಲಿ ಸಿಗೋದೇ ಇಲ್ಲ. ಅದಕ್ಕೆ ಒಂದಿಷ್ಟು ಕಬ್ಬಿಣ ಬೇಕು. ಹಾಗಂತ ನೂರು ಕೆಜಿ ಬೇಡ, ಒಂದೇ ಕಾಲಲ್ಲಿ ಮಾಡಿದ್ರೆ 20 ಕೆಜಿನೇ ಕಣ್ಣಲ್ಲಿ ನೀರು ತರಿಸುತ್ತೆ.

ದೋಸೆ ಅಣ್ಣಾ, ಪ್ಲೇಟು ಹುಡುಕುವಾಗ ಇಷ್ಟು ನೆನಪಿಡಿ. ಹಳೇದೇ ತಗೊಳ್ಳಿ, ಕಬ್ಬಿಣಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ. ಹೊಸ ವರ್ಷದಲ್ಲಿ ಶಪಥ ಮಾಡಿದವರ ಸಾಮಾನು ಮಾರ್ಚ್ ಏಪ್ರಿಲ್‌ಗೆ ಮಾರಾಟಕ್ಕೆ ಬರುತ್ತೆ, ಮನೆ ಖಾಲಿ ಮಾಡೋರೂ ಅಗ್ಗಕ್ಕೆ ಕೊಡ್ತಾರೆ. ಬೆಂಗಳೂರಲ್ಲಿರೋರು ಭಾನುವಾರ ಕೆ.ಆರ್. ಮಾರ್ಕೆಟ್ ಕಡೆ ಸಂಡೇ ಬಜಾರಲ್ಲಿ ಒಂದು ಸುತ್ತು ಹಾಕಿ. ತೂಕದ ಯಂತ್ರದಲ್ಲಿ ಇಟ್ಟು ನೋಡಿಯೇ ದುಡ್ಡು ಕೊಡಿ, ಅಚ್ಚಲ್ಲಿ ಬರೆದಿರೋದು ಒಂದು, ಇರೋದು ಇನ್ನೊಂದು. ರಾಡನ್ನ ನೆಲದ ಮೇಲೆ ಉರುಳಿಸಿ, ಡೊಂಕಿದ್ರೆ ಕುಣಿಯುತ್ತೆ. ನಟ್ಟು ಕೊನೆವರೆಗೆ ಬೆರಳಲ್ಲೇ ತಿರುಗಬೇಕು, ಎಳೆ ಸವೆದಿದ್ರೆ ಬಿಟ್ಟುಬಿಡಿ.

ಸಾದಾ ಪ್ಲೇಟಿನ ತೂತು ಒಂದು ಇಂಚು ಚಿಲ್ಲರೆ, ಒಲಿಂಪಿಕ್ ಪ್ಲೇಟಿಂದು 2 ಇಂಚು, ಒಂದಕ್ಕೊಂದು ಕೂರಲ್ಲ. ಒಲಿಂಪಿಕ್ ಆಸೆ ಈ ಮನೇಲಿ ಬಿಡಿ. ಆ ರಾಡೇ 7 ಅಡಿ ಮೇಲಿದೆ, 20 ಕೆಜಿ. 8 ಅಡಿ ರೂಮಲ್ಲಿ ಅಡ್ಡ ಇಟ್ರೆ ಪ್ಲೇಟ್ ತೂರಿಸೋಕೆ ನೀವು ಕಿಟಕಿ ಹೊರಗೆ ನಿಲ್ಲಬೇಕು.

ಬೆಂಚಿಗೆ ಈಗ ದುಡ್ಡು ಹಾಕಬೇಡಿ. ಮ್ಯಾಟ್ ಮೇಲೆ ಮಲಗಿ ಎರಡು ಡಂಬೆಲ್‌ನಲ್ಲಿ ಪ್ರೆಸ್ ಮಾಡಿ, ಮೊಣಕೈ ನೆಲ ಮುಟ್ಟಿದಾಗ ನಿಲ್ಲುತ್ತೆ. ಸೋತ್ರೆ ಪಕ್ಕಕ್ಕೆ ಇಳಿಸಬಹುದು. ಉದ್ದ ರಾಡಲ್ಲಿ ಇದನ್ನ ಮಾಡಬೇಡಿ, ಸಣ್ಣ ಪ್ಲೇಟು ಹಾಕಿದ್ದಾಗ ರಾಡ್ ನೇರ ಕತ್ತಿನ ಮೇಲೇ ಬರುತ್ತೆ, ನೆಲ ಕಾಪಾಡಲ್ಲ.

ಕಡಲತಡಿ_ಮಂಗಳೂರು

ನಿಮಗೆ ಎಕ್ಸ್‌ಪೈರಿ ಇಲ್ಲ, ನಮಗೆ ಉಂಟು ಮಾರಾಯ್ರೆ. ಇಲ್ಲಿ ಒಂದು ಮಳೆಗಾಲ ಸಾಕು, ಪ್ಲೇಟು ಎಲ್ಲ ಕೆಂಪು ಕೆಂಪು. ಎಂತ ಮಾಡುದು?

ವೆಲ್ಡಿಂಗ್_ಶೆಡ್

ತಂತಿ ಬ್ರಷ್ಷಿಂದ ತಿಕ್ಕಿ, ಮೇಲೆ ರೆಡ್ ಆಕ್ಸೈಡ್ ಒಂದು ಕೋಟು, ಒಣಗಿದ ಮೇಲೆ ಎನಾಮಲ್ ಪೇಂಟು. ರಾಡಿನ ಹಿಡಿತದ ಜಾಗಕ್ಕೆ ಪೇಂಟ್ ಬೇಡ, ಜಾರುತ್ತೆ. ಬೆವರು ಒರೆಸಿ ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ ಸವರಿ ಇಡಿ, ಮತ್ತೆ ಎತ್ತುವ ಮೊದಲು ಒಣ ಬಟ್ಟೇಲಿ ಒರೆಸ್ಕೊಳ್ಳಿ.

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಸಾಮಾನು ಬಂತು, ಲೆಕ್ಕ ಹಾಕ್ತೀನಿ, ಇನ್ನೊಬ್ಬರಿಗೆ ಬೇಕಾಗಬಹುದು. ಹಸುವಿನ ಮ್ಯಾಟ್ 1,900. ಹಳೇ ಕಬ್ಬಿಣದ ಪ್ಲೇಟು 30 ಕೆಜಿ, ಕೆಜಿಗೆ 90ರಂತೆ 2,700, ಮಾರಿದವರು 100 ಹೇಳಿದ್ರು, ತೂಕ ಹಾಕಿಸಿದ್ಮೇಲೆ ಇಳಿದ್ರು. ಎರಡು ಡಂಬೆಲ್ ರಾಡು, 4 ಅಡಿಯ ಒಂದು ರಾಡು, ನಟ್ಟು ಸಮೇತ 1,000. ರಿಂಗ್ 900, ವ್ಯಾಯಾಮದ ರಬ್ಬರ್ ಬ್ಯಾಂಡ್ 400. ಒಟ್ಟು 6,900. ಓನರ್ ಅಜ್ಜ ಕೊಂಡಿ ಸ್ಲ್ಯಾಬ್ ಹಾಕುವಾಗಲೇ ಬಿಟ್ಟಿದ್ದು ಅಂದ್ರು, ತಾವೇ ಸ್ಟೂಲ್ ಹಿಡ್ಕೊಂಡು ನಿಂತಿದ್ರು. ರಾತ್ರಿ ಹತ್ತರ ಮೇಲೆ ಬರೀ ರಿಂಗು, ಕಬ್ಬಿಣ ಮುಟ್ಟಬಾರದು ಅಂತ ಒಪ್ಪಂದ ಆಗಿದೆ.

ಉಳಿದ 1,100ಕ್ಕೆ ಏನು ತಗೊಳ್ಳಲಿ? ಮತ್ತೆ ಸೋದರಮಾವ ಹಳೇ ಟ್ರೆಡ್‌ಮಿಲ್ ಸುಮ್ನೆ ಕೊಡ್ತೀನಿ ಅಂತಿದಾರೆ, ತರ್ಲಾ?

ಕಬ್ಬಿಣದ_ಕಡಲೆ

1,100 ಹಾಗೇ ಇಟ್ಕೊಳ್ಳಿ. ಮೂರು ತಿಂಗಳಾದ ಮೇಲೆ ಇನ್ನೊಂದು 10 ಕೆಜಿ ಪ್ಲೇಟ್ ಬೇಕೇ ಬೇಕಾಗುತ್ತೆ, ಆಗ ಹಳೇದು ಹುಡುಕಿ. ಟ್ರೆಡ್‌ಮಿಲ್ ಬೇಡ. 10 ಅಡಿ ರೂಮಲ್ಲಿ ಅದನ್ನಿಟ್ರೆ ಮ್ಯಾಟಿಗೆ ಜಾಗ ಇಲ್ಲ. ಬೆಲ್ಟು, ಮೋಟಾರು ಕೆಟ್ರೆ ರಿಪೇರಿಯಲ್ಲೇ ಇನ್ನೊಂದು ಸೆಟ್ ಪ್ಲೇಟ್ ಬರುತ್ತೆ. ನಿಮ್ಮ ಹೆಜ್ಜೆ ಸದ್ದು ಪೂರ್ತಿ ಅಜ್ಜನ ತಲೆ ಮೇಲೆ.

ತುಮಕೂರಮ್ಮ

ಆ ಟ್ರೆಡ್‌ಮಿಲ್ ತುಮಕೂರಿಗೆ ಕಳಿಸೋ ಹಾಗಿದ್ರೆ ಹೇಳಪ್ಪ. ನಮ್ಮದು ಸ್ವಂತ ಮನೆ, ಅದೂ ನೆಲಮಹಡಿ. ಲಾರಿ ಬಾಡಿಗೆ ನಾನೇ ಕೊಡ್ತೀನಿ.

ಸಿವಿಲ್_ಸಾಹೇಬ್ರು

ಮೇಡಂ, ತರಿಸೋ ಮೊದಲು 16 ಆಂಪಿಯರ್ ಪ್ಲಗ್ ಎಲ್ಲಿದೆ ನೋಡ್ಕೊಳ್ಳಿ, ಅರ್ಥಿಂಗ್ ಚೆಕ್ ಮಾಡಿಸಿ. ಎಕ್ಸ್‌ಟೆನ್ಷನ್ ಬೋರ್ಡಲ್ಲಿ ಓಡಿಸಬೇಡಿ.